ಕೆಂಪು ನೂಲಿನ ಇಪ್ಪತ್ತಮೂರು

ತೆಂಗಿನ ಹಾಲು ಹಿಂಡಲು ನನ್ನಲ್ಲಿ ಒಂದು ಬಟ್ಟೆಯುಂಟು. ಮಿಕ್ಸಿ, ಸ್ಟೀಲಿನ ಜಾಲರಿ ಎಲ್ಲ ಇದ್ದೂ ಈ ಬಟ್ಟೆ ಇಲ್ಲದೆ ಅಡುಗೆಮನೆಯಲ್ಲಿ ನನಗೆ ಕೈಯೇ ಓಡುವುದಿಲ್ಲ. ಮೂಲದಲ್ಲಿ ಅದೊಂದು ಬಿಳಿ ಹಾಸುಬಟ್ಟೆ. ನಡು ಹರಿದಾಗ ತಲೆದಿಂಬಿನ ಚೀಲವಾಯಿತು, ಆಮೇಲೆ ಇಸ್ತ್ರಿ ಹಾಕುವಾಗ ಕೆಳಗೆ ಹಾಸುವ ತುಂಡಾಯಿತು, ಈಗ ಗಂಡಸರ ಕರವಸ್ತ್ರಕ್ಕಿಂತ ತುಸು ದೊಡ್ಡದಾಗಿ ಉಳಿದಿದೆ. ಪ್ರತಿ ಸಲ ಕತ್ತರಿ ಹಾಕುವಾಗಲೂ ಒಂದು ಮೂಲೆಯನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡಿದ್ದೇನೆ. ಆ ಮೂಲೆಯಲ್ಲಿ ಕೆಂಪು ನೂಲಿನಲ್ಲಿ 23 ಎಂದು ಹೊಲಿದಿದೆ.

ನಮ್ಮ ಎದುರು ಬಾಗಿಲಿನ ಕಮಲಕ್ಕ ಬಾಗಲಕೋಟೆ ಕಡೆಯವರು. ಒಮ್ಮೆ ಒಣಹಾಕಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಲ್ರೀ ಟೀಚರ್, ಇದನ್ನ ರೇಲ್ವೆದಾಗಿಂದ ಎತ್ಕೊಂಡ್ ಬಂದೀರೇನ್ರಿ? ನಂಬರ್ ಹಾಕ್ಯಾರಲ್ಲ!" ಎಂದರು. ಮೂವತ್ತು ವರ್ಷ ಡೊಂಬಿವಲಿಯ ಮಕ್ಕಳಿಗೆ ಕನ್ನಡದ ಜೊತೆಗೆ ಪ್ರಾಮಾಣಿಕತೆಯನ್ನೂ ಕಲಿಸಿದವಳ ಮರ್ಯಾದೆ ಅಷ್ಟಕ್ಕೆ ಬಂತು. ನಾನು ನಕ್ಕು ಸುಮ್ಮನಾದೆ. ರೈಲ್ವೆಯಿಂದ ಕದ್ದದ್ದು ಎಂದು ಒಪ್ಪಿಕೊಳ್ಳುವುದೇ ನಿಜ ಹೇಳುವುದಕ್ಕಿಂತ ಸುಲಭವಾಗಿ ಕಂಡಿತ್ತು.

ನಿಜ ಏನೆಂದರೆ ಇಪ್ಪತ್ತಮೂರು ಎಂದರೆ ನಾನೇ. ಹದಿನೆಂಟನೆಯ ವಯಸ್ಸಿನಲ್ಲಿ ಸಿಸ್ಟರ್ ಆಗುತ್ತೇನೆಂದು ಊರಿನಿಂದ ಕಾನ್ವೆಂಟಿಗೆ ಹೋದವಳು ನಾನು. ಹನ್ನೊಂದು ತಿಂಗಳಿಗೆ ವಾಪಸ್ ಬಂದವಳು. ಅಲ್ಲಿ ಎಲ್ಲರ ಬಟ್ಟೆಯೂ ಬಿಳಿ, ಒಗೆಯುವುದೂ ಒಟ್ಟಿಗೆ. ಯಾರದ್ದು ಯಾವುದೆಂದು ತಿಳಿಯಬೇಕಲ್ಲ, ಅದಕ್ಕೆ ಸೇರುವ ಮೊದಲೇ ಪ್ರತಿಯೊಬ್ಬಳಿಗೂ ಒಂದು ನಂಬರ್ ಬರುತ್ತದೆ. ಅದನ್ನು ಮನೆಯಲ್ಲಿ ತಾಯಿಯೇ ಕೂತು ಹೊಲಿದು ಕಳಿಸುವುದು ನಮ್ಮ ಕಡೆಯ ವಾಡಿಕೆ. ನನ್ನ ಅಮ್ಮನಿಗೆ ಓದು ಬರಹ ಇರಲಿಲ್ಲ. ಗೋಡೆಯ ಕ್ಯಾಲೆಂಡರನ್ನು ಕೆಳಗಿಳಿಸಿ ಮಡಿಲಲ್ಲಿಟ್ಟುಕೊಂಡು, ತಾರೀಕಿನ ಅಂಕೆ ನೋಡಿ ನೋಡಿ ನಕಲು ಮಾಡಿ ಹೊಲಿದಳು. ಎಷ್ಟು ಗಟ್ಟಿ ಹೊಲಿದಳೆಂದರೆ ಬಟ್ಟೆ ಜೀರ್ಣವಾಗಿ ಹೋದರೂ ನಂಬರ್ ಅಲ್ಲಾಡಿಲ್ಲ.

ಈ ನಂಬರ್ ನನ್ನದೆಂದು ಕಂಡುಹಿಡಿದವಳು ಅನಿಶಾ. ಅವಳ ವಿಷಯ ಹೇಳದೆ ಈ ಬಟ್ಟೆಯ ಕತೆ ಮುಂದೆ ಹೋಗುವುದಿಲ್ಲ.

ಅನಿಶಾ ನಮ್ಮ ಕೆಳಗಿನ ಮಹಡಿಯ ಫ್ಲೇವಿಯಾಳ ಒಬ್ಬಳೇ ಮಗಳು. ಇಪ್ಪತ್ತೆರಡು ವರ್ಷ, ಬಿಕಾಂ ಆಗಿದೆ, ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸ. ಅಪ್ಪ ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಮೂರು ತಿಂಗಳು ಮಾತ್ರ ಮನೆಯಲ್ಲಿ. ಫ್ಲೇವಿಯಾ ಟೈಲರ್. ನಮ್ಮ ಬೀದಿಯ ಅರ್ಧ ಹೆಂಗಸರ ರವಿಕೆ ಅವಳ ಮೆಷಿನ್ನಿನ ಕೆಳಗೆ ಹಾದು ಬಂದದ್ದು. ಹೀಗಿರುವಾಗ ಕಳೆದ ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಈ ಹುಡುಗಿ ನನ್ನ ಬಾಗಿಲಿಗೆ ಬಂದು, "ಆಂಟಿ, ಮುಝೆ ಕನ್ನಡ ಓದ್ಲಿಕ್ಕೆ, ಬರೀಲಿಕ್ಕೆ ಸಿಖಾವೋಗೆ?" ಎಂದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಶಾಲೆಯಲ್ಲಿ ಬೆತ್ತ ತೋರಿಸಿದರೂ ಬಾಯಿ ಬಿಡದ ಮಕ್ಕಳನ್ನು ನೋಡಿ ನೋಡಿ ನಿವೃತ್ತಳಾದವಳ ಮನೆಗೆ, ತಾನಾಗಿಯೇ ಒಬ್ಬಳು ಕನ್ನಡ ಕೇಳಿಕೊಂಡು ಬರುವುದೆಂದರೆ!

ಅವಳು ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದಳು. ಕಾಗುಣಿತ ಬೇಗ ಹಿಡಿದಳು, ಒತ್ತಕ್ಷರ ಬಂದಾಗ ಒದ್ದಾಡಿದಳು. ನಾನಂತೂ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿದ್ದೆ. ಇಪ್ಪತ್ತೆರಡರ ಹುಡುಗಿ ಇದ್ದಕ್ಕಿದ್ದಂತೆ ಕನ್ನಡ ಕಲಿಯುತ್ತಾಳೆಂದರೆ ಬೇರೆ ಏನಿರಲು ಸಾಧ್ಯ? ಊರ ಕಡೆಯ ಯಾವನೋ ಹುಡುಗ! ನನಗೆ ಮದುವೆ ಮಾತೆಂದರೆ ಹಲ್ಲು ನೋವು ಕೂಡ ಮರೆತುಹೋಗುತ್ತದೆ. ಒಂದು ಸಂಜೆ ಮೆಟ್ಟಿಲಲ್ಲಿ ಸಿಕ್ಕ ಫ್ಲೇವಿಯಾಳಿಗೆ, "ಏನೇ, ಗುಟ್ಟಿನಲ್ಲೇ ಅಳಿಯನನ್ನು ನೋಡಿಟ್ಟಿದ್ದೀಯಲ್ಲ! ಹುಡುಗನ ಮನೆಯಲ್ಲಿ ಕನ್ನಡವೇ ಓದಬೇಕಂತೋ?" ಎಂದು ಕೆಣಕಿದೆ. ಫ್ಲೇವಿಯಾಳ ಮುಖ ನೋಡಿದ ಮೇಲೆ ನನ್ನ ನಾಲಗೆ ಕಚ್ಚಿಕೊಂಡೆ. ಅವಳಿಗೆ ಕನ್ನಡ ಪಾಠದ ವಿಷಯವೇ ಗೊತ್ತಿರಲಿಲ್ಲ. ಮಗಳು ನನ್ನ ಮನೆಗೆ ಸುಮ್ಮನೆ ಹರಟೆಗೆ ಬರುತ್ತಾಳೆ ಎಂದುಕೊಂಡಿದ್ದಳು.

ಅವತ್ತು ಕೆಳಗಿನ ಮನೆಯಲ್ಲಿ ಏನು ನಡೆಯಿತೋ, ಮೇಲಿನ ಮನೆಯ ನನಗೆ ಬರೀ ಹೊಲಿಗೆ ಮೆಷಿನ್ ನಿಂತದ್ದು ಕೇಳಿಸಿತು. ಮರುದಿನ ಬೆಳಿಗ್ಗೆ ಫ್ಲೇವಿಯಾ ಬಂದು ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಳು. ನಾವಿಬ್ಬರೂ ಮಾತಾಡುವುದು ಕೊಂಕಣಿಯಲ್ಲಿ, ನಿಮಗಾಗಿ ಕನ್ನಡಕ್ಕೆ ತರುತ್ತಿದ್ದೇನೆ.

"ಹುಡುಗ ಗಿಡುಗ ಯಾರೂ ಇಲ್ಲ ಲಿಲ್ಲಿ ಬಾಯಿ. ಸಿಸ್ಟರ್ ಆಗ್ತಾಳಂತೆ. ಕಲಬುರಗಿ ಹತ್ತಿರ ಅವರ ಟ್ರೈನಿಂಗ್ ಮನೆಯಂತೆ. ಅಲ್ಲಿ ಎಲ್ಲ ಕನ್ನಡವಂತೆ. ಜೂನಿನಲ್ಲಿ ಹೋಗ್ತಾಳಂತೆ. ನನ್ನೊಬ್ಬಳನ್ನು ಬಿಟ್ಟು ಎಲ್ಲ ದೇವರಿಗೂ ಹೇಳಿ ಆಗಿದೆ."

ನನ್ನ ಕೈಯಲ್ಲಿ ತೆಂಗಿನ ಹಾಲಿನ ಬಟ್ಟೆ ಇತ್ತು. ಹಾಗೇ ಹಿಡಿದು ನಿಂತೆ.

"ನೀವೇ ಹೇಳಬೇಕು. ನೀವು ಹೋಗಿ ಬಂದವರು. ಅಲ್ಲಿಯ ಕಷ್ಟ ಅವಳಿಗೆ ಹೇಳಿ. ಹೆದರಿಸಿ ಬೇಕಾದರೆ. ನನಗೆ ಬೇರೆ ಯಾರಿದ್ದಾರೆ?"

ಸಿಟ್ಟಿಗಿಂತ ಹೆಚ್ಚು ಭಯ ಇತ್ತು ಅವಳ ದನಿಯಲ್ಲಿ. ಅವಳ ಗಂಡ ಹಡಗಿನಿಂದ 'ಅವಳಿಷ್ಟ' ಎಂದು ಒಂದೇ ಸಾಲಿನ ಮೆಸೇಜ್ ಹಾಕಿ ಕೈತೊಳೆದುಕೊಂಡಿದ್ದನಂತೆ. ನಾನು "ನೋಡುವ" ಎಂದೆ. ನಮ್ಮ ಕರಾವಳಿಯವರ ದೊಡ್ಡ ರೋಗ ಈ 'ನೋಡುವ'. ಹೌದು ಎಂದಂತೆಯೂ ಅಲ್ಲ, ಇಲ್ಲ ಎಂದಂತೆಯೂ ಅಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೇಳಿದವರು ತಮಗೆ ಬೇಕಾದದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಫ್ಲೇವಿಯಾಳೂ ತೆಗೆದುಕೊಂಡು ಹೋದಳು.

ಮುಂದಿನ ಭಾನುವಾರ ಅನಿಶಾ ಬಂದಾಗ ನಾನು ಪುಸ್ತಕ ತೆರೆಯಲಿಲ್ಲ. "ಕೂತುಕೋ. ಇವತ್ತು ಬೇರೆ ಪಾಠ" ಎಂದು ಶುರುಮಾಡಿದೆ. ಬೆಳಗಿನ ಜಾವ ಗಂಟೆ ಹೊಡೆದರೆ ಏಳಬೇಕು. ಸ್ನಾನಕ್ಕೆ ಸಾಲು. ತಿನ್ನಲು ಕೊಟ್ಟದ್ದನ್ನು ತಿನ್ನಬೇಕು. ಮಾತಾಡಬೇಡ ಅಂದಾಗ ಮಾತಾಡಬಾರದು. ಮೊಬೈಲ್ ಒಳಗಿಡುತ್ತಾರೆ. ಹೇಳಿದ ಊರಿಗೆ ಹೋಗಬೇಕು, ಹೇಳಿದ ಕೆಲಸ ಮಾಡಬೇಕು, ನಿನ್ನಷ್ಟೂ ಬುದ್ಧಿ ಇಲ್ಲದವರು ಹೇಳಿದರೂ ಮಾಡಬೇಕು.

ಹುಡುಗಿ ಎಲ್ಲವನ್ನೂ ಕೇಳಿ ತಲೆ ಓರೆ ಮಾಡಿದಳು. "ಆಂಟಿ, ನಾನು ರೋಜ್ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಠಾಣೆಯಲ್ಲಿ ಬದಲಿಸಿ ಬೇಲಾಪುರ ಹೋಗ್ತೇನೆ. ಸಾಲು, ಧಕ್ಕಾ, ಬೇಗ ಏಳೋದು ಎಲ್ಲ ಆಗಿದೆ. ಬುದ್ಧಿ ಇಲ್ಲದವರು ಹೇಳಿದ್ದು ಮಾಡೋದಂತೂ... ನೀವು ನಮ್ಮ ಬಾಸ್‌ನ ನೋಡಿಲ್ಲ."

ನನಗೆ ನಗು ಬಂತು. ಹೆದರಿಸಲು ಹೊರಟವಳು ನಕ್ಕರೆ ಕೆಲಸ ಕೆಟ್ಟಂತೆಯೇ.

"ಹಾಗಾದರೆ ಯಾಕೆ ಹೋಗುತ್ತೀ, ಅದನ್ನಾದರೂ ಹೇಳು. ಕನಸು ಗಿನಸು ಬಿತ್ತಾ?"

"ಇಲ್ಲಪ್ಪಾ, ಕನಸೆಲ್ಲ ಇಲ್ಲ." ಅವಳು ಮೇಜಿನ ಮೇಲಿನ ಬಟ್ಟೆಯ ಮೂಲೆ ಹಿಡಿದು ಬೆರಳಿಗೆ ಸುತ್ತುತ್ತ ಕೂತಳು. "ಬದಲಾಪುರದಲ್ಲಿ ಆ ಸಿಸ್ಟರ್‌ಗಳದ್ದೇ ಒಂದು ಮನೆ ಉಂಟು. ಯಾರೂ ಇಲ್ಲದ ಅಜ್ಜಿಯಂದಿರು ಇರೋದು. ಎರಡು ವರ್ಷದಿಂದ ಶನಿವಾರ ಹೋಗ್ತೇನೆ. ಉಗುರು ಕಟ್ ಮಾಡ್ತೇನೆ, ತಲೆ ಬಾಚ್ತೇನೆ, ಬಸ್. ವಾಪಸ್ ಬರುವಾಗ ಟ್ರೇನಲ್ಲಿ ಅಳು ಬರ್ತದೆ ಆಂಟಿ. ಎಲ್ಲರೂ ಘರ್ ಜಾ ರಹೇ ಹೈ, ನನಗೆ ಮಾತ್ರ ಮನೆ ಬಿಟ್ಟು ಹೋಗ್ತಿದ್ದೇನೆ ಅನಿಸ್ತದೆ."

ಹದಿನೆಂಟರಲ್ಲಿ ನನ್ನನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ, ಸಿಸ್ಟರುಗಳ ಇಸ್ತ್ರಿ ಹಾಕಿದ ಬಟ್ಟೆಯೂ ಬೆಳ್ಳಿ ಶಿಲುಬೆಯೂ ಚೆಂದ ಕಾಣುತ್ತಿತ್ತು ಎಂದೇ ಹೇಳಬೇಕಾಗುತ್ತಿತ್ತು. ಆದರೂ ಟೀಚರಲ್ಲವೇ, ಉಪದೇಶ ಬಿಡಲಿಲ್ಲ. ಕಾಯಂ ವ್ರತ ಹಿಡಿಯಲು ಏಳೆಂಟು ವರ್ಷವಾದರೂ ಹಿಡಿಯುತ್ತದೆ, ಅಲ್ಲಿಯವರೆಗೆ ಹೊರಗಿನ ಬಾಗಿಲು ತೆರೆದೇ ಇರುತ್ತದೆ, ಬೇಡ ಅನಿಸಿದ ದಿನ ಬಾ, ಬರಲು ನಾಚಿಕೆ ಪಡಬೇಡ ಎಂದೆ. ಅಷ್ಟು ಹೊತ್ತಿಗೆ ಅವಳು ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಬಿಡಿಸಿ ನೋಡುತ್ತಿದ್ದಳು.

"ತೇಯೀಸ್. ಆಂಟಿ, ಇದು ನಿಮ್ಮ ನಂಬರಾ? ನೀವು ಯಾಕೆ ವಾಪಸ್ ಬಂದ್ರಿ?"

ಈ ಪ್ರಶ್ನೆಗೆ ನನ್ನಲ್ಲಿ ನಲವತ್ತು ವರ್ಷದ ಹಳೆಯ ಉತ್ತರ ಸಿದ್ಧವಾಗಿದೆ, ಜಪದಷ್ಟು ಬಾಯಿಪಾಠ. ಕಾನ್ವೆಂಟಿಗೆ ಒಂದು ತಂತಿ ಬಂತು: 'ತಾಯಿ ಸೀರಿಯಸ್, ಕೂಡಲೇ ಹೊರಡು.' ಮದರ್ ನನ್ನನ್ನು ಕರೆದು ಓದಿ ಹೇಳಿದರು. ಎರಡು ಬಸ್ಸು ಬದಲಿಸಿ, ಗದ್ದೆಯ ಅಂಚಿನಲ್ಲಿ ಓಡಿಕೊಂಡು ಮನೆ ಮುಟ್ಟಿದರೆ, ಸೀರಿಯಸ್ ತಾಯಿ ಅಂಗಳದಲ್ಲಿ ಕೂತು ಹಲಸಿನಹಣ್ಣು ಬಿಡಿಸುತ್ತಿದ್ದಳು! ತಲೆಯೆತ್ತಿ ನೋಡಿ, "ಬಂದೆಯಾ? ಕೈಗೆ ಎಣ್ಣೆ ಹಚ್ಚಿಕೋ, ಮೇಣ ಅಂಟುತ್ತದೆ" ಎಂದಳು. ನಾನು ಕೂಗಾಡಿದೆ, ಅತ್ತೆ, ಮೂರು ದಿನ ಊಟ ಬಿಟ್ಟೆ. ವಾಪಸ್ ಮಾತ್ರ ಹೋಗಲಿಲ್ಲ. ದೇವರು ಕರೆದ ಮಗಳನ್ನು ಸುಳ್ಳು ತಂತಿ ಕೊಟ್ಟು ಎಳೆದು ತಂದವಳು ಎಂದು ಇಗರ್ಜಿಯ ಹೆಂಗಸರು ಅಮ್ಮನ ಬೆನ್ನ ಹಿಂದೆ ಆಡಿಕೊಂಡರು. ಅಮ್ಮ ಅದನ್ನು ಸಾಯುವವರೆಗೆ ಹೊತ್ತಳು. ನನ್ನ ಗಂಡ, ಅವರು ಹೋಗಿ ಆರು ವರ್ಷವಾಯಿತು, ಬದುಕಿದ್ದಷ್ಟು ದಿನ ಇದನ್ನೇ ನೆಂಟರ ಮುಂದೆ ತಮಾಷೆ ಮಾಡುತ್ತಿದ್ದರು: "ನನಗೆ ಹೆಂಡತಿ ಬಂದದ್ದು ತಂತಿಯಲ್ಲಿ."

ಅನಿಶಾಳಿಗೂ ಅದನ್ನೇ ಹೇಳಿದೆ. ಅವಳು ನಗಲಿಲ್ಲ. "ಪಾಪ ಆಂಟಿ. ನಿಮಗೆ ಎಷ್ಟು ಸಿಟ್ಟು ಬಂದಿರ್ಬೇಕು" ಎಂದಳು. ನಾನು ಎದ್ದು ಒಲೆಯ ಕಡೆ ತಿರುಗಿದೆ.

ಮೇ ತಿಂಗಳಲ್ಲಿ ಕಾನ್ವೆಂಟಿನಿಂದ ಪಟ್ಟಿ ಬಂತು: ತರಬೇಕಾದ ಬಟ್ಟೆ, ತಟ್ಟೆ, ಲೋಟ, ಕೊಡೆ, ಕೊನೆಯಲ್ಲಿ ಅವಳ ನಂಬರ್. ಅನಿಶಾ ಅದನ್ನು ಅಮ್ಮನ ಮೆಷಿನ್ನಿನ ಮೇಲಿಟ್ಟು ಬಂದಳು. ಫ್ಲೇವಿಯಾ ಅದನ್ನು ಓದಲೂ ಇಲ್ಲ, ಮಡಚಿ ಮಗಳ ಚೀಲಕ್ಕೆ ತುರುಕಿದಳು. "ಊರವರದ್ದೆಲ್ಲ ಹೊಲಿದಿದ್ದೇನೆ. ಇದನ್ನು ಹೊಲಿಯೋದಿಲ್ಲ" ಎಂದಳಂತೆ. ಹುಡುಗಿಗೆ ಸೂಜಿಗೆ ನೂಲು ಪೋಣಿಸಲೂ ಸರಿಯಾಗಿ ಬಾರದು, ಟೈಲರ್ ಮಗಳಲ್ಲವೇ! ನಾನು ಹೊಲಿದುಕೊಡುತ್ತೇನೆ ಎಂದೆ. ಬೇಡ ಎಂದಳು. "ಮಮ್ಮಿ ಹೊಲೀದಿದ್ರೆ ಅಲ್ಲಿ ಹೋಗಿ ನಾನೇ ಹೇಗಾದ್ರೂ ಹೊಲ್ಕೊಳ್ತೇನೆ." ಕಮಲಕ್ಕ ಸುದ್ದಿ ಕೇಳಿ, "ಅಲ್ರೀ, ಹುಡುಗಿ ದೇವರ ಮನಿಗೆ ಹೊಂಟಾಳ, ಅವ್ವ ನೋಡಿದ್ರ ಮಣ್ಣಿಗೆ ಕಳಿಸೋರ ಹಂಗ ಅಳ್ತಾಳಲ್ರಿ" ಎಂದು ಹೇಳಿ, ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡು, ದಾರಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟರು.

ಹೊರಡುವ ದಿನ ಫ್ಲೇವಿಯಾ ಸ್ಟೇಷನ್ನಿಗೆ ಬರಲಿಲ್ಲ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಕಲ್ಯಾಣಕ್ಕೆ ಹೋಗಿ, ಅಲ್ಲಿ ದೂರದ ಗಾಡಿ ಹತ್ತಿಸಿ ಬಂದವಳು ನಾನೇ. ವಾಪಸ್ ಬಂದಾಗ ಫ್ಲೇವಿಯಾ ನನ್ನ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಒಣಗಿತ್ತು. ಅದನ್ನು ನೋಡಿ ನನಗೆ ಹೆಚ್ಚು ಹೆದರಿಕೆಯಾಯಿತು.

"ಒಂದು ವಾರ ಬಿಡ್ತೇನೆ. ಆಮೇಲೆ ನೀವು ಫೋನ್ ಮಾಡಬೇಕು. ನಿನ್ನ ಮಮ್ಮಿಗೆ ಎದೆನೋವು, ಆಸ್ಪತ್ರೆಗೆ ಹಾಕಿದ್ದೇವೆ, ಕೂಡಲೇ ಹೊರಡು ಅಂತ. ನಾನು ಹೇಳಿದರೆ ನಂಬೋದಿಲ್ಲ. ಟೀಚರ್ ಹೇಳಿದರೆ ನಂಬ್ತಾಳೆ. ನಿಮ್ಮ ಅಮ್ಮ ಮಾಡಲಿಲ್ವಾ? ನೀವು ಬಂದಿರಲ್ಲ, ಮತ್ತೆ ಹೋಗಲಿಲ್ಲವಲ್ಲ! ಒಳ್ಳೇದೇ ಆಯ್ತಲ್ಲ ನಿಮಗೆ!"

ನನ್ನದೇ ತಮಾಷೆಯ ಕತೆ ಹೀಗೆ ಮಚ್ಚು ಹಿಡಿದು ಎದುರು ನಿಲ್ಲುತ್ತದೆಂದು ಯಾರಿಗೆ ಗೊತ್ತಿತ್ತು? ಬೇಡ ಫ್ಲೇವಿಯಾ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು ಅದೇ ಹಾಳು "ನೋಡುವ".

ಆ ಒಂದು ವಾರ ನನಗೆ ಸರಿಯಾಗಿ ಊಟ ಸೇರಲಿಲ್ಲ. ಸುಳ್ಳು ಹೇಳಿದರೆ ಹುಡುಗಿ ಬರುತ್ತಾಳೆ, ಅದರಲ್ಲಿ ನನಗೆ ಸಂಶಯವಿರಲಿಲ್ಲ. ತಾಯಿಗೆ ಹುಷಾರಿಲ್ಲವೆಂದರೆ ಓಡಿಬರುವ ಜೀವ ಅದು. ಬಂದವಳನ್ನು ಫ್ಲೇವಿಯಾ ಮತ್ತೆ ಕಳಿಸುವುದಿಲ್ಲ, ಅದರಲ್ಲೂ ಸಂಶಯವಿಲ್ಲ. ಹೇಳದಿದ್ದರೆ ಈ ಹೆಂಗಸಿಗೆ ನಿಜವಾಗಿಯೇ ಎದೆನೋವು ಬಂದೀತು, ಹಾಗಿತ್ತು ಅವಳ ಮುಖ. ಕೆಳಗಿನ ಮನೆಯ ಮೆಷಿನ್ ಸದ್ದಿಲ್ಲ. ಹೊಲಿಗೆಗೆ ಕೊಟ್ಟವರು ಬಂದು ಬಾಗಿಲು ತಟ್ಟಿ ಹೋಗುತ್ತಿದ್ದರು. ಮಳೆಗಾಲದ ಬಟ್ಟೆ ಒಣಗದ ಹಾಗೆ ದಿನಗಳೂ ಮುಗಿಯಲೊಲ್ಲವು.

ಎಂಟನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಫ್ಲೇವಿಯಾ ಬಂದಳು. ಫೋನನ್ನು ಮೇಜಿನ ನಡುವೆ ಇಟ್ಟು ನಂಬರ್ ತಾನೇ ಒತ್ತಿದಳು, ಸ್ಪೀಕರ್ ತಾನೇ ಹಾಕಿದಳು. "ಅವಳ ದನಿಯಾದರೂ ಕೇಳ್ತೇನೆ. ನಾನು ಉಸಿರು ಬಿಡೋದಿಲ್ಲ" ಎಂದಳು.

"ಹಲೋ, ಯಾರ್ರೀ?" ಆ ಕಡೆಯಿಂದ ಒಬ್ಬ ಸಿಸ್ಟರ್.

ಡೊಂಬಿವಲಿಯಿಂದ, ಅನಿಶಾಳೊಂದಿಗೆ ಮಾತಾಡಬೇಕಿತ್ತು ಎಂದೆ.

"ಹುಡುಗ್ಯಾರು ತ್ವಾಟದಾಗ ಅದಾರ್ರೀ. ಅರ್ಜೆಂಟ್ ಐತೇನ್ರಿ?"

ಫ್ಲೇವಿಯಾ ನನ್ನ ಮಣಿಕಟ್ಟು ಹಿಡಿದಳು. "ಹೌದು ಸಿಸ್ಟರ್" ಎಂದೆ. ಅಲ್ಲಿ ಯಾರೋ ಯಾರನ್ನೋ ಕೂಗಿದರು. ಬಕೆಟ್ ಇಟ್ಟ ಸದ್ದು, ದೂರದಲ್ಲಿ ಹುಡುಗಿಯರ ನಗು, ಆಮೇಲೆ ನೆಲದ ಮೇಲೆ ಚಪ್ಪಲಿ ಓಡಿಬರುವ ಸದ್ದು. ಹೀಗೇ ಓಡಿದ್ದೆ ನಾನೂ, ಮದರ್ ಕರೆದಾಗ.

"ಹಲೋ? ಆಂಟಿ? ಕ್ಯಾ ಹುವಾ? ಮಮ್ಮಿ ಠೀಕ್ ಹೈ ನಾ?"

ಫ್ಲೇವಿಯಾಳ ಉಗುರು ನನ್ನ ಕೈಗೆ ಚುಚ್ಚಿತು.

"ಅನಿ, ನಿನ್ನ ಮಮ್ಮಿಗೆ ಎದೆ..." ಎಂದೆ.

ಎದುರಿಗೆ ಹಗ್ಗದ ಮೇಲೆ ಆ ಬಟ್ಟೆ ಒಣಗುತ್ತಿತ್ತು, ನಂಬರಿನ ಮೂಲೆ ಈ ಕಡೆಗೇ ಇತ್ತು. ಅಮ್ಮ ಕ್ಯಾಲೆಂಡರನ್ನು ಮಡಿಲಲ್ಲಿಟ್ಟುಕೊಂಡು ಕೂತದ್ದು ನೆನಪಾಯಿತು. ನನ್ನಿಂದಾಗಲಿಲ್ಲ ಮಾರಾಯರೇ, ಆಗಲಿಲ್ಲ.

"ಏನೂ ಆಗಿಲ್ಲ. ನಿನ್ನ ಮಮ್ಮಿ ಗಟ್ಟಿಮುಟ್ಟಾಗಿದ್ದಾಳೆ. ನಾನು ನಿನಗೆ ಒಂದು ಸುಳ್ಳು ಹೇಳಿದ್ದೆ, ಅದಕ್ಕೆ ಫೋನ್ ಮಾಡಿದೆ." ಫ್ಲೇವಿಯಾ ಕೈ ಕಿತ್ತುಕೊಂಡಳು. ನಾನು ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ. "ಅವತ್ತು ಮದರ್ ತಂತಿ ಓದಿದಾಗ, ಅಮ್ಮ ಸಾಯುತ್ತಿದ್ದಾಳೆ ಎಂದು ಕೇಳಿದಾಗ, ನನಗೆ ಮೊದಲು ಆದದ್ದು ಖುಷಿ, ಅನಿ. ಅಬ್ಬ, ಮನೆಗೆ ಹೋಗಬಹುದು ಅಂತ. ಅಮ್ಮನ ನೆನಪು ಬಂದದ್ದು ಆಮೇಲೆ. ಅಮ್ಮ ನನ್ನನ್ನು ಎಳೆದು ತರಲಿಲ್ಲ. ಹೊರಡಲು ಒಂದು ನೆಪ ಬೇಕಿತ್ತು ನನಗೆ, ಅದನ್ನವಳು ಕೊಟ್ಟಳು. ಊರೆಲ್ಲ ಅವಳನ್ನು ಬಯ್ಯುವಾಗ ನಾನು ಸುಮ್ಮನಿದ್ದೆ. ಅವಳಿಗೆ ಗೊತ್ತಿತ್ತೋ ಏನೋ, ಒಂದು ದಿನವೂ ಕೇಳಲಿಲ್ಲ."

ಇಷ್ಟು ವರ್ಷ ಪಾಪನಿವೇದನೆಯಲ್ಲಿ ಪಾದ್ರಿಗಳಿಗೂ ಹೇಳದ್ದನ್ನು ಫೋನಿಗೆ ಹೇಳಿಬಿಟ್ಟಿದ್ದೆ.

"ಈಗ ನೀನು ನಿಜ ಹೇಳು. ನಾನು ಎದೆ ಅಂದಾಗ ನಿನಗೆ ಏನಾಯ್ತು? ಖುಷಿಯಾಗಿದ್ದರೆ ಇವತ್ತೇ ಗಾಡಿ ಹತ್ತು. ಯಾರೂ ಏನೂ ಅನ್ನುವುದಿಲ್ಲ, ನಾನಿದ್ದೇನೆ."

ಹುಡುಗಿ ಅಳುತ್ತಲೇ ಮಾತಾಡಿದಳು.

"ಡರ್ ಗಯೀ ಆಂಟಿ. ಮಮ್ಮಿಗೆ ಏನಾದ್ರೂ ಆಯ್ತು ಅಂತ ಕೈಕಾಲು ತಣ್ಣಗಾಯ್ತು. ಮತ್ತೆ... ಅದರ ಜೊತೆಗೇ, ಹೋದ್ರೆ ಇಲ್ಲಿಗೆ ಮತ್ತೆ ಬರೋಕೆ ಆಗೋದಿಲ್ವಾ ಅಂತ. ದೋನೋ ಏಕ್ ಸಾಥ್. ಯಾವುದು ಮೊದಲು ಬಂತು ಅಂತ ನಂಗೆ ಗೊತ್ತಿಲ್ಲ." ಮೂಗೆಳೆದುಕೊಂಡಳು. "ಇದನ್ನ ಮಮ್ಮಿಗೆ ಹೇಳ್ಬೇಡಿ ಆಂಟಿ. ಅವರಿಗೆ ಬೇಜಾರಾಗ್ತದೆ."

ನಾನು ಫ್ಲೇವಿಯಾಳ ಕಡೆ ನೋಡಲಾರದೆ ಮೇಜನ್ನು ನೋಡುತ್ತ ಕೂತೆ. ಬಯ್ಯುತ್ತಾಳೆ, ಫೋನ್ ಎತ್ತಿ ಬಿಸಾಡುತ್ತಾಳೆ, ಇನ್ನು ಜನ್ಮದಲ್ಲಿ ನನ್ನ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡೆ. ಅವಳು ಎದ್ದಳು. ಹಗ್ಗದ ಮೇಲಿದ್ದ ಬಟ್ಟೆಯ ಮೂಲೆ ಹಿಡಿದು, ಅಮ್ಮನ ಹೊಲಿಗೆಯನ್ನು ಟೈಲರ್ ಕಣ್ಣಿನಿಂದ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಉಸಿರು ಬಿಡುವುದಿಲ್ಲ ಎಂದಿದ್ದವಳು ಫೋನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಮೂಗು ಒರೆಸಿಕೊಂಡಳು.

"ಅವಳ ನಂಬರ್ ಎಷ್ಟಂತೆ ಕೇಳಿ, ಲಿಲ್ಲಿ ಬಾಯಿ" ಎಂದಳು. "ಇನ್ನೆರಡು ಹಾಸುಬಟ್ಟೆ ಕಳಿಸುವುದುಂಟು. ಕೆಂಪು ನೂಲು ನನ್ನಲ್ಲಿದೆ."